ಗಣಿತ ಇಲ್ಲದಾಕಿ

“ಗಣಿತ ಇಲ್ಲ,” ಎಂದು ಪದವಿ ಕಾಲೇಜಿನ ಪ್ರವೇಶ ನೋಡಿಕೊಳ್ಳುವ ಎಡ್ವರ್ಡ ಸರ್ ಫೈಲನ್ನು ಮೇಜಿನ ಆಚೆಗೆ ತಳ್ಳಿದರು. ಅನುಸೂಯಾಬಾಯಿ ಎರಡೂ ಕೈಯಿಂದ ಅದನ್ನು ಅವರತ್ತಲೇ ತಳ್ಳಿದಳು.

“ಇಲ್ಲ ಅಂದ್ರ ಹ್ಯಾಂಗ್ರಿ? ಅಂಗಡಿಯಾಂವ ಮಷೀನ್ ಒತ್ತೂದ್ರೊಳಗ ನನ್ನ ಮಗಳು ಬಾಯಿಲೆ ಲೆಕ್ಕ ಹೇಳ್ತಾಳ. ನಮ್ಮೂರು ಚಿಂತಾಕಿಯೊಳಗ ಯಾರನ್ನ ಬೇಕಾದ್ರ ಕೇಳ್ರಿ.”

“ಚಿಂತಾಕಿಗೆ ಕೇಳಿ ಏನ ಮಾಡ್ಲಿ, ಬಾಯಿ? ಅಂಕಪಟ್ಟಿಯೊಳಗ ಇತಿಹಾಸ ಅದ, ಅರ್ಥಶಾಸ್ತ್ರ ಅದ. ಗಣಿತ ಇಲ್ಲ. ಫೈನಾನ್ಸ್ ಪದವಿಗೆ ಗಣಿತ ಪಾಸ್ ಆಗಿರಬೇಕು. ನಿಯಮ ನಾ ಬರದದ್ದಲ್ಲ.”

ಅನುಸೂಯಾಬಾಯಿಯ ಮೈಯೆಲ್ಲ ಉರಿಯಿತು. ಮಗಳು ಪ್ರಣಾಲಿ ಪಿಯುಸಿ ಓದಿದ ಕಾಲೇಜಿನಲ್ಲಿ ಗಣಿತಕ್ಕೆ ಮಾಸ್ತರನೇ ಇರಲಿಲ್ಲ. ಹುಡುಗಿ ಯಾರದೋ ಹಳೆಯ ಪುಸ್ತಕ ತಂದು ತಾನೇ ಕೂತು ಕಲಿತಳು. ಮಾಸ್ತರನನ್ನು ಕೊಡದವರೂ ಇವರೇ, ಗಣಿತ ಎಲ್ಲಿ ಎಂದು ಕೇಳುವವರೂ ಇವರೇ. ಇವರ ನಿಯಮಕ್ಕಿಷ್ಟು ಬೆಂಕಿ ಬೀಳಲಿ!

“ಮುಂದಿನವರು. ಪ್ರಣಿತಾ ಕಾಶೀರಾಮ,” ಎಂದು ಕೂಗಿದ ಎಡ್ವರ್ಡ ಸರ್, ಫೋಟೋ ನೋಡಿ, ತಲೆಯೆತ್ತಿ, ತಾಯಿಯ ಪಕ್ಕದಲ್ಲಿದ್ದ ಪ್ರಣಾಲಿಯ ಕೈಗೇ ಪೆನ್ನು ಕೊಟ್ಟರು. “ಇಲ್ಲಿ ಸಹಿ ಮಾಡು.”

“ನಾ ಅಲ್ರಿ. ಅಕ್ಕ.”

ಹಿಂದೆ ಮಗಳೊಂದಿಗೆ ನಿಂತಿದ್ದ ಕಾಶೀರಾಮ ನಕ್ಕ. “ಇಬ್ಬರೂ ಒಂದೇ ಅಚ್ಚಿನವರು ನೋಡ್ರಿ ಸರ್. ಮನಿಗೆ ಬಂದ ಬೀಗರೂ ಗುರುತು ತಪ್ತಾರ.”

ಕಾಶೀರಾಮ ಅನುಸೂಯಾಬಾಯಿಯ ಬಾವ. ಮನೆಯ ಕಾಗದಪತ್ರವೆಲ್ಲ ಅವನದೇ ಕಾರುಬಾರು. ಗಂಡ ಕೈಲಾಶ ಅಣ್ಣನ ಮುಂದೆ ಒಂದು ದಿನ ತಲೆ ಎತ್ತಿದವನಲ್ಲ. ಬಾವನ ಮಗಳು ಪ್ರಣಿತಾ ಓದಿದ್ದೂ ಅದೇ ಕಾಲೇಜಿನಲ್ಲಿ, ಅವಳಿಗೂ ಗಣಿತ ಇರಲಿಲ್ಲ. ಆದರೆ ಹೋದ ಬೇಸಿಗೆಯಲ್ಲಿ ಗಣಿತ ಒಂದರ ಪರೀಕ್ಷೆಯನ್ನೇ ಖಾಸಗಿಯಾಗಿ ಕಟ್ಟಿದಳು. ತೊಂಬತ್ತಾರು ಅಂಕ! ಓಣಿಗೆಲ್ಲ ಪೇಡೆ ಹಂಚಿದ್ದರು.

“ಇಬ್ಬರಿಗೂ ಕಟ್ಟಸ್ರಿ, ಬಾವಾರ,” ಎಂದು ಆಗಲೇ ಕೇಳಿಕೊಂಡಿದ್ದಳು ಅನುಸೂಯಾಬಾಯಿ. “ಮೊದಲ ದೊಡ್ಡಾಕಿ, ಮುಂದಿನ ಸಲ ಸಣ್ಣಾಕಿ. ಅರ್ಜಿ ನಾನೇ ಹಾಕಸ್ತೇನಿ,” ಎಂದು ಅವನು ನಾಲ್ಕು ಜನರೆದುರು ಮಾತು ಕೊಟ್ಟಿದ್ದ. ಪರೀಕ್ಷೆಯ ದಿನ ಅಕ್ಕನಿಗೆ ಧೈರ್ಯ ಇರಲೆಂದು ಪ್ರಣಾಲಿಯೂ ಭಾಲ್ಕಿಯ ಪರೀಕ್ಷಾ ಕೇಂದ್ರಕ್ಕೆ ಹೋಗಿಬಂದಳು. ಬಂದವಳೇ ಉಣ್ಣದೆ ಮಲಗಿದಳು. ಹೊಟ್ಟೆಕಿಚ್ಚಿರಬೇಕು ಎಂದುಕೊಂಡು ತಾಯಿ ಬೈದಿದ್ದಳು.

“ಸರ್, ಮುಂದಿನ ಪರೀಕ್ಷಾದಾಗ ಈಕಿ ಗಣಿತ ಪಾಸ್ ಮಾಡ್ತಾಳ. ಬರೂ ವರ್ಷರೆ ತಗೋತೀರಿಲ್ಲೋ?”

“ಪಾಸ್ ಆದ್ರ ಯಾಕ ಬ್ಯಾಡ? ಖುಷಿಲೆ ತಗೋತೀವಿ.”

“ಯಾವ ಪರೀಕ್ಷಾ?” ಎಂದ ಕಾಶೀರಾಮ. “ಇಲ್ಲೇ ಕೊಳಾರದ ಗೋದಾಮಿನಾಗ ಈಕಿಗೆ ಪ್ಯಾಕಿಂಗ್ ಕೆಲಸಕ್ಕ ಮಾತಾಡೀನಿ. ಸೋಮವಾರದಿಂದ ಹೋಗ್ಲಿ. ಒಂದ ಮನ್ಯಾಗ ಒಬ್ಬಾಕಿ ಓದಿದ್ರ ಸಾಕು.”

ಪ್ರಣಾಲಿ ಹೊರಳಿ ನಿಂತಳು.

“ದೊಡ್ಡಪ್ಪ, ನೀವು ಹೇಳಿದ್ದು ನಾ ಕೇಳೀನಿ. ನೀವು ಮಾತು ಕೊಟ್ಟಿದ್ರಿ.”

“ಮಾತಿಗೇನವ್ವ, ದಿನಕ್ಕ ಹತ್ತು ಆಡ್ತೀವಿ.”

ಹುಡುಗಿಯ ಮುಖ ಕೆಂಪೇರಿತು. ಮೇಜಿನ ಕಡೆ ತಿರುಗಿದಳು. “ಸರ್, ಅಕ್ಕಗ ಗಣಿತ ಬರಂಗಿಲ್ರಿ.”

“ಬಾಯಿ ಮುಚ್ಚ!” ತಾಯಿ ಅವಳ ರಟ್ಟೆ ಹಿಡಿದು ಎಳೆದಳು. ಬಾವನ ಮೇಲೆ ಹೊಟ್ಟೆಯಲ್ಲಿ ಕೆಂಡವಿತ್ತು, ನಿಜ. ಆದರೆ ನಾಲ್ಕು ಮಂದಿಯೆದುರು ಮನೆಯ ಮಾನ ಬೀದಿಗೆ ತರುವುದೆ? “ಅಕ್ಕನ ಅನ್ನಕ್ಕ ಮಣ್ಣ ಹಾಕ್ತಿ? ನಾಚಿಕಿ ಬರಂಗಿಲ್ಲ ನಿನಗ?”

ಎಡ್ವರ್ಡ ಸರ್ ಕನ್ನಡಕ ತೆಗೆದರು. “ಪ್ರಣಿತಾ, ಹತ್ತು ಸಾವಿರಕ್ಕ ವರ್ಷಕ್ಕ ಶೇಕಡಾ ಹತ್ತರಂಗ ಚಕ್ರಬಡ್ಡಿ. ಎರಡು ವರ್ಷಕ್ಕ ಬಡ್ಡಿ ಎಷ್ಟು?”

ಪ್ರಣಿತಾ ಅಪ್ಪನ ಮುಖ ನೋಡಿದಳು. “ಎರಡು ಸಾವಿರ್ರಿ.”

“ಎರಡು ಸಾವಿರದ ನೂರು,” ಎಂದಳು ಪ್ರಣಾಲಿ, ಯಾರೂ ಕೇಳದೆಯೇ.

“ಹುಡುಗಿ ಅಂಜ್ಯಾಳ್ರಿ, ಸರ್,” ಕಾಶೀರಾಮ ನಡುವೆ ಬಾಯಿ ಹಾಕಿದ.

“ಇರಬಹುದು.” ಅವರು ಅಂಕಪಟ್ಟಿಯ ಮೇಲೆ ಬೆರಳಿಟ್ಟರು. “ಒಂದು ಲೆಕ್ಕ ತಪ್ಪಿದ್ರ ಸೀಟು ಕಸ್ಕೊಳ್ಳಾಕ ಬರಂಗಿಲ್ಲ, ತಂಗೀ. ನೂರಕ್ಕ ತೊಂಬತ್ತಾರು ತಗೊಂಡಾಳ.”

“ಹೋದ ನಾಲ್ಕು ಅಂಕ ಕಡೀ ಲೆಕ್ಕದ್ದು. ಅವಸರದಾಗ ಒಂದು ಮೈನಸ್ ಬಿಟ್ಟುಹೋಗಿತ್ತು,” ಎಂದಳು ಪ್ರಣಾಲಿ.

ಕಾಶೀರಾಮ ಪ್ರಣಾಲಿಯ ಹೆಗಲ ಮೇಲೆ ಕೈಯಿಟ್ಟ. “ನಡೀ ಮಗಳ, ಮನಿಗೆ ಹೋಗಿ ಮಾತಾಡೋಣು. ನಿನ್ನ ಅರ್ಜಿ ನಾಳೆನೇ ಹಾಕಸ್ತೇನಿ.” ತಹಸೀಲ್ದಾರನಿಗೂ ಅಂಜದ ಬಾವನ ಹಣೆಯಲ್ಲಿ ಬೆವರು ಕಂಡು ಅನುಸೂಯಾಬಾಯಿ ಬೆರಗಾದಳು. ಮಗಳ ರಟ್ಟೆ ಹಿಡಿದಿದ್ದ ಕೈ ತಾನಾಗಿ ಸಡಿಲಾಯಿತು.

ಪ್ರಣಾಲಿ ಹೆಗಲ ಮೇಲಿನ ಕೈಯನ್ನು ಕೊಡವಿದಳು.

“ಯೋಚನಿ ಮಾಡಿ ಮಾತಾಡು,” ಎಂದರು ಎಡ್ವರ್ಡ ಸರ್. “ಮುಂದ ನೀನೂ ಪರೀಕ್ಷಾ ಬರಿಯಾಕಿ ಇದ್ದೀ. ಆ ಮೈನಸ್ ಮಾತು ನಿನಗ ಹ್ಯಾಂಗ ಗೊತ್ತು?”

“ಅವ್ವಾ, ಸಿಟ್ಟಾಗಬ್ಯಾಡ,” ಎಂದಳು ಪ್ರಣಾಲಿ. ಆಮೇಲೆ ಎಡ್ವರ್ಡ ಸರ್ ಅವರನ್ನು ನೆಟ್ಟಗೆ ನೋಡಿದಳು.

“ಭಾಲ್ಕಿಯೊಳಗ ಅಕ್ಕನ ಹೆಸರಿಲೆ ಕೂತು ಆ ಪೇಪರ್ ಬರದಾಕಿ ನಾನ ರೀ.”