ಪೊಟ್ಟಣದ ಮೇಲಿನ ತಿಂಗಳು

ಅಡುಗೆಮನೆಯ ಹಿಂಗೋಡೆಯ ಮುಂದೆ ದೊರೆಸಾನಿ ಕಾಲು ಕಿತ್ತಿಡದೆ ನಿಂತುಬಿಟ್ಟಳು. ಗೋಡೆ ತುಂಬ ಅವಳ ಸೀಮೆಯ ಸ್ವೀಟ್ ಪೀ ಬಳ್ಳಿಯ ಹೂ! ಅದರ ಘಮಕ್ಕೆ ಮೂರು ಊರಿನ ಜೇನ್ನೊಣಗಳು ಗೂಡಿಗೆ ಬೀಗ ಹಾಕಿ ಬಂದಿದ್ದವು. ಸುಳ್ಳಾದರೆ ಕಿವಿ ಹಿಂಡಿ.

"ಭಾವ, ಗಂಟುಮೂಟೆ ಕಟ್ಟು," ಎಂದು ಅಡುಗೆಯವನು ಕಿಟಕಿಯಿಂದಲೇ ಮಾಲಿಗೆ ಪಿಸುಗುಟ್ಟಿದ. ಹಡಗಿನಲ್ಲಿ ಬರುವ ಈ ಹೂವಿನ ಬೀಜವನ್ನು, ಪೊಟ್ಟಣದ ಮೇಲೆ ಅಚ್ಚಾಗಿರುವಂತೆ ಮಾರ್ಚ್ ತಿಂಗಳಲ್ಲೇ ಬಿತ್ತಬೇಕೆಂಬುದು ದೊರೆಸಾನಿಯ ಕಟ್ಟಪ್ಪಣೆ. ಮೀರಿದರೆ ಕೆಲಸ ಹೋಯಿತು. ಆದರೆ ಇಲ್ಲಿನ ಮಾರ್ಚ್ ಬಿಸಿಲಿಗೆ ಕಲ್ಲೂ ಬೆವರುತ್ತಿತ್ತು. ಹಿಂದಿನ ಏಳು ವರ್ಷವೂ ಸಸಿಗಳು ಕರಕಲಾಗಿದ್ದವು. ಈ ಸಲ ಮಾಲಿ ಒಂದು ಹಿಡಿ ಬೀಜ ಬಚ್ಚಿಟ್ಟು, ಮಳೆಗಾಲ ಮುಗಿದ ಮೇಲೆ ಕದ್ದುಮುಚ್ಚಿ ಬಿತ್ತಿದ್ದ.

"ಯಾರು ಬಿತ್ತಿದ್ದು?"

"ನಾನೇ, ಅಮ್ಮಾವ್ರೇ. ನಿಮ್ಮ ಪೊಟ್ಟಣಕ್ಕೆ ನಮ್ಮ ಬಿಸಿಲು ಎಲ್ಲಿ ಗೊತ್ತು?"

ಅಡುಗೆಯವನ ಕೈಯಿಂದ ಸೌಟು ಜಾರಿತು. ಆ ಸದ್ದು ಸಮುದ್ರದಾಚೆಗೂ ಕೇಳಿಸಿರಬೇಕು. ದೊರೆಸಾನಿ ಹೂವೊಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಆಮೇಲೆ ಜೇಬಿನಿಂದ ಹೊಸ ಪೊಟ್ಟಣ ತೆಗೆದು, ಅಚ್ಚಿನ ತಿಂಗಳನ್ನು ಪೆನ್ಸಿಲಿನಿಂದ ಹೊಡೆದುಹಾಕಿದಳು.

"ಹೇಳು ಮಾಲಿ," ಎಂದಳು, "ಇಲ್ಲಿ ಏನಂತ ಬರೀಲಿ?"