ಮುಲಾಮಿನಲ್ಲಿದ್ದ ನಾಲ್ಕನೆಯದು

"ಇದು ಅವಳದಲ್ಲ." ಅಪ್ಪ ಮೂಸಿ ನೋಡಿ, ಹೊಸ ಮುಲಾಮಿನ ಡಬ್ಬಿಯನ್ನು ಮಗಳ ಕಡೆಗೇ ತಳ್ಳಿದರು.

ಅಮ್ಮ ತೀರಿಕೊಂಡ ಮೇಲೆ ಮಗಳು ಕಾಸಿದ ಮೂರನೆಯ ಮುಲಾಮು ಅದು. ಜೇನುಮೇಣ, ಎಳ್ಳೆಣ್ಣೆ, ಲವಂಗದೆಣ್ಣೆ, ಎಲ್ಲ ಅಮ್ಮ ಹೇಳಿಕೊಟ್ಟಂತೆಯೇ ಹಾಕಿದ್ದಳು. ಅಪ್ಪ ಮರದ ಸಾಮಾನಿಗೆ ಪಾಲಿಶ್ ಹಾಕುವವರು. ಅಂಗೈ ಬಿರುಕು ಬಿಟ್ಟು ರಕ್ತ ಜಿನುಗುತ್ತಿದ್ದರೂ ಹಟವೆಂದರೆ ಹಟ. ಹೆಂಡತಿಯ ಮುಲಾಮಿನ ವಾಸನೆ ಇಲ್ಲದ್ದನ್ನು ಮುಟ್ಟುವುದಿಲ್ಲ. ಅಮ್ಮನ ಡಬ್ಬಿಯ ತಳದಲ್ಲಿ ಉಗುರಿನಷ್ಟು ಉಳಿದಿತ್ತು. ಅದನ್ನೂ ಹಚ್ಚಿಕೊಳ್ಳುವುದಿಲ್ಲ, ಬರೀ ಮೂಸುತ್ತಾರೆ.

ಮಗಳಿಗೆ ಪ್ರಯೋಗಾಲಯದಲ್ಲಿ ಕೆಲಸ. ಗುರುತು ಸಿಗದ ಪದಾರ್ಥ ಏನೆಂದು ಹೇಳುವುದೇ ಅವಳ ಕಸುಬು. "ಸಾಸಿವೆಯಷ್ಟು ಕೊಡಪ್ಪ, ಪರೀಕ್ಷೆ ಮಾಡ್ತೀನಿ" ಎಂದಳು. ಜಿಪುಣಾಗ್ರೇಸರ ಕಡ್ಡಿಯ ತುದಿಯಲ್ಲಿ ಅರ್ಧ ಸಾಸಿವೆ ಕೊಟ್ಟರು.

ಮರುದಿನ ಸಂಜೆ ಅವಳು ಬಂದು ಹೇಳಿದಳು. "ನಾಲ್ಕನೇದು ಒಂದಿದೆ ಅಪ್ಪ. ಪೈನ್ ಮರದ ರಸದಲ್ಲಿ ಇರೋಂಥದ್ದು ಅಂತ ಕಾಣುತ್ತೆ."

"ಕಾಣುತ್ತೆ ಅಂದ್ರೇನು? ಅಡ್ಡಗೋಡೆ ಮೇಲೆ ದೀಪ ಇಡಬೇಡ."

"ನಮ್ಮಲ್ಲಿ ಖಾತ್ರಿಗೆ ಐದು ಮಟ್ಟ ಇದೆ. ಬರೀ ಅಣುವಿನ ತೂಕ ಗೊತ್ತಾದ್ರೆ ಐದನೇದು. ಯಂತ್ರದಲ್ಲಿರೋ ಹಳೇ ಗುರುತಿಗೆ ಹೊಂದಿದ್ರೆ ಎರಡನೇದು, ಈಗ ಅಲ್ಲಿದೀವಿ. ಅಸಲಿ ಪದಾರ್ಥನ ಪಕ್ಕದಲ್ಲಿಟ್ಟು ಅದೇ ಯಂತ್ರದಲ್ಲಿ ನೋಡಿ ಹೊಂದಿದ್ರೆ ಒಂದನೇದು, ಅಲ್ಲೀವರೆಗೂ 'ಇದೇ' ಅನ್ನೋ ಹಾಗಿಲ್ಲ."

"ಪೈನ್ ಮರಾನ ಅವಳು ಕಣ್ಣಲ್ಲೂ ಕಂಡೋಳಲ್ಲ." ಅಪ್ಪನ ಮುಖ ಸಣ್ಣದಾಯಿತು. "ನಂಗೆ ಹೇಳದೇ ಇರೋ ಗುಟ್ಟು ಅವಳ ಹತ್ರ ಇತ್ತಾ?"

ಮಗಳೂ ಅದನ್ನೇ ಯೋಚಿಸುತ್ತಿದ್ದಳು. ತನಗೂ ಹೇಳಿರಲಿಲ್ಲವಲ್ಲ! ಅಷ್ಟರಲ್ಲಿ ಅಪ್ಪ ಟೀ ಲೋಟ ಅವಳ ಕೈಗಿತ್ತರು. ಅವರ ಬೆರಳಿನಿಂದ ಒಂದು ಘಾಟು ಬಂತು. ಅವಳು ಲೋಟ ಬದಿಗಿಟ್ಟು ಆ ಕೈಯನ್ನೇ ಹಿಡಿದು ಮೂಸಿದಳು.

"ಇದೇನಪ್ಪ?"

"ಟರ್ಪೆಂಟೈನ್. ಪಾಲಿಶ್ ತೆಳು ಮಾಡೋಕೆ. ಹುಟ್ಟಿದಾಗಿಂದ ನೋಡ್ತಿದೀಯ, ಇವತ್ತೇನು ಹೊಸದು?"

ಟರ್ಪೆಂಟೈನ್ ತೆಗೆಯುವುದು ಪೈನ್ ಮರದ ರಸದಿಂದಲೇ! ಮರುದಿನ ಅವಳು ಅಪ್ಪನ ಕ್ಯಾನಿನಿಂದ ಒಂದು ಸಣ್ಣ ಸೀಸೆಯಷ್ಟು ಬಗ್ಗಿಸಿಕೊಂಡು ಹೋದಳು. ಜೊತೆಗೆ, ಗೋಗರೆದು ಪಡೆದ ಇನ್ನರ್ಧ ಸಾಸಿವೆ. ಪ್ರಯೋಗಾಲಯದ ಶುದ್ಧ ಮಾದರಿ, ಅಪ್ಪನ ಟರ್ಪೆಂಟೈನ್, ಅಮ್ಮನ ಮುಲಾಮು, ಮೂರನ್ನೂ ಒಂದೇ ಯಂತ್ರಕ್ಕೆ ಹಾಕಿದಳು. ಮೂರರಲ್ಲೂ ಗೆರೆ ಒಂದೇ ಜಾಗದಲ್ಲಿ ಮೇಲೆದ್ದಿತು. ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು.

ಸಂಜೆ ಮನೆಗೆ ಬಂದು ಹೇಳಿದಳು. "ಒಂದನೇ ಮಟ್ಟ ಅಪ್ಪ. ಅದು ನಿನ್ನ ಟರ್ಪೆಂಟೈನೇ."

"ಮುಲಾಮಿಗೆ ಅದನ್ನ ಯಾರಾದ್ರೂ ಹಾಕ್ತಾರೇನೇ?"

"ಅಮ್ಮ ಹಾಕಿಲ್ಲ. ದಿನಾ ನಿನ್ನ ಅಂಗೈಗೆ ಉಜ್ಜಿ, ಅದೇ ಬೆರಳನ್ನ ಮತ್ತೆ ಡಬ್ಬಿಗೆ ಅದ್ದುತಿದ್ಲಲ್ಲ. ನಮ್ಮಲ್ಲಿ ಹಾಗೆ ಮಾಡಿದ್ರೆ ಮಾದರಿ ಕೆಟ್ಟೋಯ್ತು ಅಂತ ಚೆಲ್ಲಿಬಿಡ್ತೀವಿ."

ಅಪ್ಪ ತಮ್ಮ ಅಂಗೈಯನ್ನು ಮೂಗಿಗೆ ಹಿಡಿದು ಮೂಸಿದರು. "ಹಾಗಾದ್ರೆ ಅವಳ ವಾಸನೆ ಅಂದ್ಕೊಂಡಿದ್ದು..."

"ಅರ್ಧ ನಿಂದೇ."

ಮಾರನೆಯ ಸಂಜೆ ಅಪ್ಪ ಕೆಲಸದಿಂದ ಬಂದವರು ಕೈ ತೊಳೆಯಲಿಲ್ಲ. ನೇರವಾಗಿ ಮಗಳೆದುರು ಕೂತು, ಹೊಸ ಡಬ್ಬಿಯ ಮುಚ್ಚಳ ತೆಗೆದು, ಎರಡೂ ಅಂಗೈ ಚಾಚಿದರು.

"ಹಚ್ಚು. ಬೆರಳು ಒರೆಸ್ಕೋಬೇಡ, ಹಾಗೇ ಮತ್ತೆ ಅದ್ದು."