ಕತ್ತಲ ಓಣಿ

ಓಣಿಗೆ ಬೀದಿದೀಪ ಬೇಕೆಂದು ನೀಲವ್ವ ಅರ್ಜಿ ಕೊಟ್ಟು ಮೂರು ವರ್ಷವಾಗಿತ್ತು. ಕತ್ತಲಲ್ಲಿ ಎಡವಿ ಅತ್ತೆ ಕಾಲು ಮುರಿದುಕೊಂಡಾಗಲೂ ಪುರಸಭೆಯವರು ಇತ್ತ ಸುಳಿದಿರಲಿಲ್ಲ.

ಒಂದು ಸಂಜೆ, ಪೇಪರಿಗೆ ಚುಕ್ಕಿಗಳ ಬಗ್ಗೆ ಬರೆಯುವ ಮಾಸ್ತರರೊಬ್ಬರು ದುರ್ಬೀನು ಹೊತ್ತು ಅವಳ ಬಾಗಿಲಲ್ಲಿ ನಿಂತರು.

"ತಂಗಿ, ಚುಕ್ಕಿ ನೋಡಾಕ ಈ ಊರಾಗ ಛಲೋ ಕತ್ತಲ ಎಲ್ಲೈತಿ?"

"ಇಲ್ಲೇ ನೋಡ್ರಿ ಸರ. ನಿಮ್ಮ ಅಂಗೈ ನಿಮಗ ಕಾಣಂಗಿಲ್ಲ. ಪೇಪರಿನ್ಯಾಗೂ ಹಂಗ ಬರೀರಿ!"

ಮಾಸ್ತರರು ಬರೆದರು. ವಾರದೊಳಗೆ ಪುರಸಭೆಯ ಸದಸ್ಯರೇ ಆಳುಗಳೊಂದಿಗೆ ಬಂದು ಓಣಿಯ ಬಾಯಲ್ಲಿ ಕಂಬ ನೆಡಿಸಿದರು. ನೀಲವ್ವ ಚಹಾ ಹಿಡಿದು ಓಡಿದಳು.

"ಕಡೀಗೂ ಕಣ್ಣು ತೆರದ್ರಲ್ರೀ ಅಣ್ಣಾರ!"

"ನಿನ್ನಿಂದ ಊರಿಗೆ ಹೆಸರು ಬಂತವ್ವಾ," ಎಂದು ಸದಸ್ಯರು ಕಂಬಕ್ಕೆ ಫಲಕ ಜಡಿಸಿದರು: 'ನಕ್ಷತ್ರ ವೀಕ್ಷಣಾ ತಾಣ. ಇಲ್ಲಿ ದೀಪ ಹಚ್ಚುವುದನ್ನು ನಿಷೇಧಿಸಲಾಗಿದೆ.'